ಅಪ್ಪನ ರೇವಾ ಎಪ್ಪತ್ತು ಮುಟ್ಟಿದ್ದು

ಬೆಂಗಳೂರಿನ ಸಿರ್ಸಿ ವೃತ್ತದ ಮೇಲ್ಸೇತುವೆಯನ್ನು ಏರುವಾಗ ಹಿಂದಿದ್ದ ಬಸ್ಸಿನ ಚಾಲಕರು ಮೂರನೆಯ ಬಾರಿ ಹಾರನ್ ಒತ್ತುವ ಹೊತ್ತಿಗೆ ನಮ್ಮ ಹಳೆಯ ವಿದ್ಯುತ್ ಕಾರು ರೇವಾ ಗಂಟೆಗೆ 34 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿತ್ತು. ನಾನು ಪೆಡಲನ್ನು ಪೂರ್ತಿ ಒತ್ತಿ ಹಿಡಿದಿದ್ದೆ. ಪಕ್ಕದಲ್ಲಿದ್ದ ಅಪ್ಪ ಕಿಟಕಿಯಾಚೆ ನೋಡುತ್ತ, ಈ ಹಾರನ್ನು ಬೇರೆ ಯಾರಿಗೋ ಸೇರಿದ್ದು ಎಂಬಂತೆ ಕುಳಿತಿದ್ದರು. ಮನೆಗೆ ಬಂದ ಮೇಲೆ ಮಾತ್ರ, "ನಿನಗೆ ಬೇಕಾದರೆ ಹೊಸ ಕಾರು ತಗೋ, ಇದನ್ನ ಮಾತ್ರ ಗುಜರಿಗೆ ಹಾಕಬೇಡ" ಎಂದರು. ಅದರ ವೇಗ ಹೆಚ್ಚಿಸಲು ಅಂದು ಆರಂಭವಾದ ಕೆಲಸ ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು.

ಅಪ್ಪ ಈ ಕಾರನ್ನು 2005ರಲ್ಲಿ, ನಿವೃತ್ತರಾದ ವರ್ಷ ಕೊಂಡಿದ್ದರು. ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆ 1994ರಲ್ಲಿ ಕೈಜೋಡಿಸಿ, ಚೇತನ್ ಮೈನಿಯವರ ನೇತೃತ್ವದಲ್ಲಿ 2001ರಲ್ಲಿ ಮಾರುಕಟ್ಟೆಗೆ ತಂದ ರೇವಾ, ನಮ್ಮೂರಿನ ಬೊಮ್ಮಸಂದ್ರದಲ್ಲಿ ತಯಾರಾಗಿ ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿದ ವಾಹನ. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದಾದ, ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಪುಟ್ಟ ಕಾರು ಇದು. ಅಮೆರಿಕದಲ್ಲಿ ಇಂಥ ಬಡಾವಣೆಯ ಕಾರುಗಳನ್ನು 1998ರಿಂದ ಪ್ರತ್ಯೇಕ ವರ್ಗವೆಂದು ಪರಿಗಣಿಸಿ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ಮೀರದಂತೆ ಕಟ್ಟಿಹಾಕಿದ್ದಾರೆ. ನಮ್ಮಲ್ಲಿ ಅಂಥ ಕಡಿವಾಣವಿರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಹೊಸ ರೇವಾ 65 ಮುಟ್ಟುತ್ತಿತ್ತು, ಮತ್ತು 2005ರ ಬೆಂಗಳೂರಿಗೆ ಅಷ್ಟು ಸಾಕಾಗಿತ್ತು.

ಹನುಮಂತನಗರದ ನಮ್ಮ ಮನೆಯ ಮುಂದೆ ನಿಂತ ಆ ಕಾರಿನ ಮುಂದಿನ ಸೀಟುಗಳ ಅಡಿಯಲ್ಲಿ ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಒಟ್ಟು 48 ವೋಲ್ಟ್, ಸಂಗ್ರಹ ಸಾಮರ್ಥ್ಯ 200 ಆಂಪಿಯರ್ ಅವರ್. ಅವುಗಳಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸುವುದು ಅಪ್ಪನ ಭಾನುವಾರದ ವ್ರತವಾಗಿತ್ತು. ಯಾವ ದಿನ ಎಷ್ಟು ನೀರು ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತು ಎಂಬುದನ್ನು ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ಅವರು ಬರೆದಿಡುತ್ತಿದ್ದರು. ಹದಿನೇಳು ವರ್ಷಗಳಲ್ಲಿ ಆ ಪುಸ್ತಕಗಳು ಮೂರಾಗಿದ್ದವು, ಬ್ಯಾಟರಿ ಸೆಟ್ಟುಗಳು ಐದಾಗಿದ್ದವು.

ವೇಗ ಹೆಚ್ಚಿಸಬೇಕೆಂದು ಹೊರಟವನು ಮೊದಲು ಮೋಟರನ್ನು ಶಂಕಿಸುತ್ತಾನೆ. ನಾನೂ ಹಾಗೆಯೇ ಮಾಡಿದೆ. 2007ರ ನಂತರ ಬಂದ ರೇವಾ-ಐ ಮಾದರಿಯಲ್ಲಿ ಡಿಸಿ ಮೋಟರಿನ ಬದಲು ಮೂರು ಫೇಸಿನ ಎಸಿ ಇಂಡಕ್ಷನ್ ಮೋಟರ್ ಇದ್ದು, ಅದು 80ರವರೆಗೆ ಓಡುತ್ತಿತ್ತು. ಅಂಥದೊಂದು ಕಾರು ಗುಜರಿಯಲ್ಲಿ ಸಿಕ್ಕಿದರೆ ಮೋಟರ್, ಅದಕ್ಕೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್, ವೈರಿಂಗ್ ಎಲ್ಲವನ್ನೂ ಇಡಿಯಾಗಿ ಕಿತ್ತು ತಂದು ಕೂರಿಸಬಹುದೆಂಬ ಆಸೆಯಿಂದ ಎರಡು ತಿಂಗಳು ಹುಡುಕಿದೆ. ಸಿಕ್ಕಿದ ಒಂದೇ ಒಂದು ಕಾರಿನ ಮೋಟರ್ ಮಳೆನೀರಿನಲ್ಲಿ ಮುಳುಗಿದ್ದಾಗಿತ್ತು.

ಈ ಹುಡುಕಾಟದಲ್ಲಿ ಪರಿಚಯವಾದವರು, ಹಿಂದೆ ಇಂಥ ಕಾರುಗಳನ್ನೇ ರಿಪೇರಿ ಮಾಡುತ್ತಿದ್ದು ಈಗ ಕಾಮಾಕ್ಷಿಪಾಳ್ಯದ ಕಡೆ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿರುವ ಹಿರಿಯ ಮೆಕ್ಯಾನಿಕ್ ಒಬ್ಬರು. ಅವರು ಕಾರಿನ ಬಾನೆಟ್ ತೆರೆಯುವ ಮೊದಲೇ ಬ್ಯಾಟರಿಯ ತುದಿಗಳಿಗೆ ಎರಡು ಉದ್ದನೆಯ ವೈರು ಕಟ್ಟಿ, ಮಲ್ಟಿಮೀಟರನ್ನು ನನ್ನ ತೊಡೆಯ ಮೇಲಿಟ್ಟು, "ಏರು ಸಿಗೋ ಕಡೆ ಹೋಗಿ ಸಾರ್, ಇದನ್ನ ನೋಡ್ತಾ ಇರಿ" ಎಂದರು. ನಿಂತಲ್ಲಿ 50.2 ವೋಲ್ಟ್ ತೋರಿಸುತ್ತಿದ್ದ ಮೀಟರ್, ಏರಿನಲ್ಲಿ ಪೆಡಲ್ ಒತ್ತಿದೊಡನೆ ಮೆಟ್ಟಿಲಿಳಿಯುವಂತೆ 46, 43, 41 ಎಂದು ಇಳಿದು 39.6ಕ್ಕೆ ಬಂತು. ಕ್ಲ್ಯಾಂಪ್ ಮೀಟರಿನಲ್ಲಿ ಆಗ ಹರಿಯುತ್ತಿದ್ದ ಕರೆಂಟ್ 280 ಆಂಪಿಯರ್. ಹಳೆಯ ಲೆಡ್ ಬ್ಯಾಟರಿಯ ಒಳಗಿನ ಪ್ರತಿರೋಧವೇ ಐದನೆಯ ಒಂದು ಭಾಗದಷ್ಟು ವೋಲ್ಟೇಜನ್ನು ನುಂಗುತ್ತಿತ್ತು.

ಇದು ವೇಗಕ್ಕೆ ಹೇಗೆ ಸಂಬಂಧಿಸಿದ್ದೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಡಿಸಿ ಮೋಟರ್ ತಿರುಗುವಾಗ ತಾನೇ ಒಂದು ಜನರೇಟರಿನಂತೆ ವರ್ತಿಸಿ, ಬ್ಯಾಟರಿಗೆ ಎದುರಾಗಿ ಒಂದು ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಂತೆ ಈ ಎದುರು ವೋಲ್ಟೇಜ್ ಏರುತ್ತ ಹೋಗಿ, ಬ್ಯಾಟರಿಯ ವೋಲ್ಟೇಜಿನ ಸಮೀಪಕ್ಕೆ ಬಂದಾಗ ಕರೆಂಟ್ ಹರಿಯಲು ಅವಕಾಶವೇ ಉಳಿಯುವುದಿಲ್ಲ. ಅಲ್ಲಿಗೆ ವೇಗವೂ ನಿಲ್ಲುತ್ತದೆ. ಬ್ಯಾಟರಿ 48ರ ಬದಲು 40 ವೋಲ್ಟ್ ಕೊಟ್ಟರೆ ಆ ನಿಲುಗಡೆ ಅಷ್ಟು ಬೇಗ ಬರುತ್ತದೆ. ನಮ್ಮ ಕಾರಿನ ಮೋಟರಿಗೆ ವಯಸ್ಸಾಗಿರಲಿಲ್ಲ, ಅದಕ್ಕೆ ಹೊಟ್ಟೆಗೆ ಸಾಲುತ್ತಿರಲಿಲ್ಲ, ಅಷ್ಟೆ.

ಹೀಗಾಗಿ ಮೊದಲ ಕೆಲಸ ಬ್ಯಾಟರಿಯದೆಂದು ತೀರ್ಮಾನವಾಯಿತು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದಿದ್ದರಿಂದ ಲಿಥಿಯಂ ಎಂಬ ಹೆಸರು ಕೇಳಿದರೇ ಅಮ್ಮ ಬೆಚ್ಚುತ್ತಿದ್ದರು. ಆ ಭಯ ನನಗೂ ಇತ್ತು. ಅದಕ್ಕಾಗಿಯೇ ತೂಕ ಸ್ವಲ್ಪ ಹೆಚ್ಚಾದರೂ ಬಿಸಿಗೆ ಸುಲಭವಾಗಿ ಕೆರಳದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳನ್ನು ಆರಿಸಿಕೊಂಡೆ. ಒಂದೊಂದು ಸೆಲ್ 3.2 ವೋಲ್ಟ್. ಹದಿನಾರನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್. ಇಪ್ಪತ್ತು ಸೆಲ್ ಹಾಕಿದರೆ ವೇಗ ಇನ್ನೂ ಹೆಚ್ಚುತ್ತದೆ ಎಂದು ಒಬ್ಬ ಗೆಳೆಯ ಆಸೆ ಹುಟ್ಟಿಸಿದ. ಆದರೆ 48 ವೋಲ್ಟಿಗೆಂದು ತಯಾರಾದ ಕಂಟ್ರೋಲರಿಗೆ ಪೂರ್ತಿ ತುಂಬಿದ ಇಪ್ಪತ್ತು ಸೆಲ್ಲುಗಳ 70ಕ್ಕೂ ಮೀರಿದ ವೋಲ್ಟನ್ನು ಉಣ್ಣಿಸುವುದು ಅದರ ಒಳಗಿನ ಕೆಪಾಸಿಟರುಗಳಿಗೆ ತಿಥಿ ಮಾಡಿದಂತೆ ಎಂದು ಮೆಕ್ಯಾನಿಕ್ ಅಲ್ಲಿಯೇ ತಳ್ಳಿಹಾಕಿದರು.

ಸೆಲ್ಲುಗಳ ಖರೀದಿಯಲ್ಲಿ ನಾನು ಒಮ್ಮೆ ಮೋಸಹೋದೆ. ವ್ಯಾಪಾರಿಯೊಬ್ಬರು 200 ಆಂಪಿಯರ್ ಅವರ್ ಎಂದು ಅಚ್ಚಾದ ಹದಿನಾರು ಸೆಲ್ಲುಗಳನ್ನು ಹೊಸದೆಂದು ಹೇಳಿ ಕೊಟ್ಟರು. ಪ್ಲಾಸ್ಟಿಕ್ ಹೊದಿಕೆ ಹೊಳೆಯುತ್ತಿತ್ತು. ಆದರೆ ಒಂದೆರಡರ ತುದಿಯಲ್ಲಿ ಹಿಂದೊಮ್ಮೆ ಬೋಲ್ಟ್ ಬಿಗಿದು ತೆಗೆದ ಗೀರು ಕಾಣುತ್ತಿತ್ತು. ಒಂದೊಂದನ್ನೂ ಪೂರ್ತಿ ತುಂಬಿಸಿ, 40 ಆಂಪಿಯರಿನಂತೆ ಬರಿದುಮಾಡಿ ಅಳೆಯುವ ಯಂತ್ರವನ್ನು ಮೆಕ್ಯಾನಿಕ್ ಎಲ್ಲಿಂದಲೋ ಎರವಲು ತಂದರು. ಒಂದು ಸೆಲ್ಲಿಗೆ ಐದು ಗಂಟೆ, ದಿನಕ್ಕೆ ಎರಡು ಸೆಲ್. ಎಂಟು ದಿನಗಳ ಕೊನೆಗೆ ಹನ್ನೆರಡು ಸೆಲ್ಲುಗಳು 198ರಿಂದ 203ರ ನಡುವೆ ನಿಂತವು. ಉಳಿದ ನಾಲ್ಕು 176ರಿಂದ 181. ಸಾಲಿನಲ್ಲಿ ಜೋಡಿಸಿದ ಸೆಲ್ಲುಗಳಲ್ಲಿ ಅತ್ಯಂತ ಬಡವನ ಶಕ್ತಿಯೇ ಇಡೀ ಸಾಲಿನ ಶಕ್ತಿ. ಆ ನಾಲ್ಕು ಬರಿದಾದೊಡನೆ ಉಳಿದ ಹನ್ನೆರಡರಲ್ಲಿ ಜೀವವಿದ್ದರೂ ಕಾರು ನಿಲ್ಲಲೇಬೇಕು. ಅಳತೆಯ ಕಾಗದ ಹಿಡಿದು ಮೂರು ಸಲ ಅಲೆದ ಮೇಲೆ ನಾಲ್ಕು ಸೆಲ್ಲುಗಳು ಬದಲಾದವು. ಈ ಪರೀಕ್ಷೆಯನ್ನು ಬಿಟ್ಟುಬಿಡುವಷ್ಟು ಬೇಸರ ನನಗೆ ನಾಲ್ಕನೆಯ ದಿನವೇ ಬಂದಿತ್ತು. ಬಿಡದಂತೆ ಕಾದವರು ಅಪ್ಪ. ಗಂಟೆಗೊಮ್ಮೆ ಬಂದು ಮೀಟರ್ ನೋಡಿ, ನೀಲಿ ಪುಸ್ತಕದ ಹೊಸ ಹಾಳೆಯಲ್ಲಿ ಅಂಕಿ ಬರೆದುಕೊಂಡು ಹೋಗುತ್ತಿದ್ದರು.

ಆನಂತರ ಎಲ್ಲ ಸೆಲ್ಲುಗಳನ್ನೂ ಒಂದೇ ಮಟ್ಟಕ್ಕೆ ತರಬೇಕು. ಮೊದಲು ಸಾಲಿನಲ್ಲಿ ಚಾರ್ಜರಿನಿಂದ ಬಹುಪಾಲು ತುಂಬಿಸಿ, ಬಳಿಕ ಹದಿನಾರನ್ನೂ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿ 3.65 ವೋಲ್ಟಿನಲ್ಲಿ ಕರೆಂಟ್ ಹರಿಯುವುದು ನಿಲ್ಲುವವರೆಗೆ ಬಿಡುವುದು ಸರಿಯಾದ ಕ್ರಮ. ನೇರವಾಗಿ ಎರಡನೆಯ ಹಂತಕ್ಕೆ ಹಾರಿದರೆ ಸಣ್ಣ ಪವರ್ ಸಪ್ಲೈಯಲ್ಲಿ ದಿನಗಟ್ಟಲೆ ಹಿಡಿಯುತ್ತದೆ. ಈ ಹಂತದಲ್ಲಿ ನನ್ನ ಕೈಯಿಂದ ಹತ್ತನೆಯ ನಂಬರಿನ ಸ್ಪ್ಯಾನರ್ ಜಾರಿ ತಾಮ್ರದ ಎರಡು ಪಟ್ಟಿಗಳ ನಡುವೆ ಅಡ್ಡ ಬಿತ್ತು. 'ಟಪ್' ಎಂಬ ಸದ್ದು, ವೆಲ್ಡಿಂಗ್ ಮಾಡುವಾಗ ಏಳುವಂಥ ನೀಲಿ ಬೆಳಕು, ಸುಟ್ಟ ಕಬ್ಬಿಣದ ವಾಸನೆ; ಕಣ್ಣು ತೆರೆದಾಗ ಸ್ಪ್ಯಾನರಿನ ಬಾಯಿಯ ಒಂದು ದವಡೆ ಅರ್ಧ ಕರಗಿ ಹೋಗಿತ್ತು. ಕೇವಲ 3.3 ವೋಲ್ಟ್, ಮುಟ್ಟಿದರೆ ಚುರುಕ್ಕೂ ಎನ್ನದ ವೋಲ್ಟೇಜ್. ಅದರ ಹಿಂದೆ ಸಾವಿರಾರು ಆಂಪಿಯರ್ ಹೊಂಚುಹಾಕಿರುತ್ತದೆಂಬುದು ಪುಸ್ತಕದಲ್ಲಿ ಓದಿ ಗೊತ್ತಿತ್ತು. ಮರುದಿನದಿಂದ ಸ್ಪ್ಯಾನರುಗಳಿಗೆಲ್ಲ ಬಾಯಿ ಮಾತ್ರ ಬಿಟ್ಟು ಇನ್ಸುಲೇಶನ್ ಟೇಪ್ ಸುತ್ತಿದೆ, ಕೈಗಡಿಯಾರವನ್ನೂ ಉಂಗುರವನ್ನೂ ದೇವರ ಮನೆಯಲ್ಲಿ ತೆಗೆದಿಟ್ಟು ಕೆಲಸಕ್ಕೆ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ.

ಲೆಡ್ ಬ್ಯಾಟರಿಗಳಿದ್ದ ತಟ್ಟೆಯಲ್ಲಿಯೇ ಹೊಸ ಸೆಲ್ಲುಗಳನ್ನು ಎಂಟೆಂಟರ ಎರಡು ಸಾಲಾಗಿ, ಎರಡೂ ತುದಿಗಳಲ್ಲಿ ಅಲ್ಯೂಮಿನಿಯಂ ಹಲಗೆ ಕೊಟ್ಟು ಒತ್ತಿ ಕಟ್ಟಿದೆವು. ಒತ್ತಿಲ್ಲದೆ ಬಿಟ್ಟರೆ ಈ ಸೆಲ್ಲುಗಳು ಕಾಲಕ್ರಮೇಣ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಹಳೆಯ ಎಂಟು ಬ್ಯಾಟರಿಗಳು ಸುಮಾರು 265 ಕಿಲೋ ಇದ್ದವು. ಹೊಸದು ಪಟ್ಟಿ, ಹಲಗೆಗಳನ್ನೆಲ್ಲ ಸೇರಿಸಿ 95 ಕಿಲೋ. ಗುಜರಿಯವನು ಸೀಸದ ತೂಕಕ್ಕೆ ಕೊಟ್ಟ ಹಣ ಕೇಬಲ್ಲು, ಲಗ್ಗು, ಫ್ಯೂಸು, ಕಾಂಟ್ಯಾಕ್ಟರುಗಳ ಖರ್ಚಿಗೆ ಸಾಕಾಯಿತು. ಅವೆಲ್ಲ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಕ್ಕವು.

ತೂಕ ಇಳಿದದ್ದರಿಂದ ನಾನು ನಿರೀಕ್ಷಿಸದ ಎರಡು ಸಂಗತಿಗಳಾದವು. ಕಾರು ಎರಡು ಬೆರಳಿನಷ್ಟು ಮೇಲೆದ್ದು ನಿಂತಿತು. ಮುಂದಿನ ಚಕ್ರಗಳ ಕೋನ ಬದಲಾಗಿ, 50 ದಾಟಿದರೆ ಸ್ಟಿಯರಿಂಗ್ ಅಲುಗತೊಡಗಿತು. ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಅದು ಸರಿಹೋಯಿತು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ನೇರವಾಗಿ ಹೊಡೆಯುತ್ತಿದ್ದುದು ಗೊತ್ತಾದದ್ದು ಮಾತ್ರ ಒಬ್ಬ ಆಟೋ ಚಾಲಕರು ಗಾಂಧಿ ಬಜಾರಿನಲ್ಲಿ ಗಾಡಿ ನಿಲ್ಲಿಸಿ ಬುದ್ಧಿ ಹೇಳಿದ ಮೇಲೆ.

ಹಳೆಯ ಚಾರ್ಜರ್ ಲೆಡ್ ಬ್ಯಾಟರಿಯ ಸ್ವಭಾವಕ್ಕೆ ತಕ್ಕಂತೆ ಕೊನೆಯಲ್ಲಿ ವೋಲ್ಟೇಜನ್ನು ಎತ್ತರಕ್ಕೆ ಒಯ್ದು ನೀರು ಕುದಿಸುವ ಜಾತಿಯದು. ಲಿಥಿಯಂ ಸೆಲ್ಲಿಗೆ ಅದು ವರ್ಜ್ಯ. 35 ಆಂಪಿಯರಿನ ಹೊಸ ಚಾರ್ಜರ್ ತಂದೆವು. ಮನೆಯ 16 ಆಂಪಿಯರಿನ ಪ್ಲಗ್ಗಿನಿಂದಲೇ ಅದು ಆರು ಗಂಟೆಯಲ್ಲಿ ತುಂಬಿಸುತ್ತದೆ. ಕಾರಿನ ಒಳಗಿನ ಕಂಪ್ಯೂಟರ್ ಮಾತ್ರ ಕೊನೆಯವರೆಗೂ ಮರುಳಾಗಿಯೇ ಉಳಿಯಿತು. ವೋಲ್ಟೇಜ್ ಇಳಿಯುವುದನ್ನು ನೋಡಿ ಎಷ್ಟು ಚಾರ್ಜ್ ಉಳಿದಿದೆಯೆಂದು ಅಂದಾಜು ಮಾಡುವುದು ಅದರ ಕ್ರಮ. ಈ ಸೆಲ್ಲುಗಳ ವೋಲ್ಟೇಜೋ ಬಹುಪಾಲು ಬರಿದಾಗುವವರೆಗೂ ಹೆಚ್ಚು ಕದಲುವುದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಸದಾ ತುಂಬಿದ ಕೊಡದಂತೆ ನಿಂತಿರುತ್ತದೆ. ಅದನ್ನು ನಂಬದೆ, ಒಳಹೋದ ಹೊರಹೋದ ಆಂಪಿಯರುಗಳನ್ನು ಎಣಿಸುವ ಪುಟ್ಟ ಮೀಟರೊಂದನ್ನು ಪಕ್ಕದಲ್ಲಿ ಅಂಟಿಸಿದ್ದೇನೆ.

2023ರ ಫೆಬ್ರುವರಿಯ ಒಂದು ಬೆಳಗಿನ ಜಾವ ಮೊದಲ ಬಾರಿ ರಸ್ತೆಗಿಳಿದೆವು. ಕಂಟ್ರೋಲರಿನಲ್ಲಿ ಏನನ್ನೂ ಬದಲಿಸಿರಲಿಲ್ಲ. ಸಿರ್ಸಿ ವೃತ್ತದ ಅದೇ ಏರಿನಲ್ಲಿ ಮೀಟರ್ 49ಕ್ಕಿಂತ ಕೆಳಗೆ ಬರಲಿಲ್ಲ, ವೇಗ 55. ಸಮತಟ್ಟಿನಲ್ಲಿ ಜಿಪಿಎಸ್ 66 ತೋರಿಸಿತು. ಹದಿನೆಂಟು ವರ್ಷದ ಹಿಂದೆ ಶೋರೂಮಿನಿಂದ ಬಂದ ದಿನ ಎಷ್ಟಿತ್ತೋ ಅಷ್ಟು.

ಅಲ್ಲಿಗೆ ಬಿಡಬಹುದಾಗಿತ್ತು. ಆದರೆ ಕೈಗೆ ರುಚಿ ಹತ್ತಿತ್ತು. ಈ ಮೋಟರಿನ ವಿಶೇಷವೆಂದರೆ ತಿರುಗುವ ಆರ್ಮೇಚರಿಗೂ ಸುತ್ತಲಿನ ಅಯಸ್ಕಾಂತ ಕ್ಷೇತ್ರದ ಸುರುಳಿಗೂ ಬೇರೆ ಬೇರೆಯಾಗಿ ಕರೆಂಟ್ ಹೋಗುತ್ತದೆ. ಸುರುಳಿಯ ಕರೆಂಟನ್ನು ಇಳಿಸಿದರೆ ಕ್ಷೇತ್ರ ದುರ್ಬಲವಾಗುತ್ತದೆ, ನಾನು ಮೊದಲು ಹೇಳಿದ ಎದುರು ವೋಲ್ಟೇಜ್ ತಗ್ಗುತ್ತದೆ, ಮೋಟರ್ ಇನ್ನೂ ಜೋರಾಗಿ ತಿರುಗಲು ದಾರಿ ತೆರೆಯುತ್ತದೆ. ಎಷ್ಟರ ಮಟ್ಟಿಗೆ ಇಳಿಸಬಹುದೆಂಬ ಮಿತಿ ಕಂಟ್ರೋಲರಿನ ಸ್ಮರಣೆಯಲ್ಲಿ ಒಂದು ಅಂಕಿಯಾಗಿ ಕೂತಿರುತ್ತದೆ. ಕೈಯಲ್ಲಿ ಹಿಡಿಯುವ ಪ್ರೋಗ್ರಾಮರ್ ಎಂಬ ಸಣ್ಣ ಪೆಟ್ಟಿಗೆಯಿದ್ದರೆ ಅದನ್ನು ಬದಲಿಸಬಹುದು. ಮೆಕ್ಯಾನಿಕ್ ಬಳಿ ಅದಿತ್ತು. ಆದರೆ ಹೊರತೆಗೆಯಲು ಅವರಿಗೆ ಮನಸ್ಸಿರಲಿಲ್ಲ.

"ಫೀಲ್ಡ್ ಇಳಿಸಿದ್ರೆ ಓಡತ್ತೆ ಸಾರ್, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಬ್ರಶ್ಶು ಬಂದು ಲೆಕ್ಕ ಕೇಳತ್ತೆ."

ಅವರ ಮಾತಿನ ಅರ್ಥ ಹೀಗೆ: ಕ್ಷೇತ್ರ ದುರ್ಬಲವಾದಾಗ ಅದೇ ಎಳೆತಕ್ಕೆ ಆರ್ಮೇಚರಿನಲ್ಲಿ ಹೆಚ್ಚು ಕರೆಂಟ್ ಬೇಕಾಗುತ್ತದೆ. ಆ ಕರೆಂಟೆಲ್ಲ ಕಾರ್ಬನ್ ಬ್ರಶ್ಶುಗಳ ಮೂಲಕವೇ ಹೋಗಬೇಕು. ಹೆಚ್ಚು ವೇಗ, ಹೆಚ್ಚು ಕರೆಂಟ್, ದುರ್ಬಲ ಕ್ಷೇತ್ರ ಮೂರೂ ಕೂಡಿದಾಗ, ಬ್ರಶ್ಶುಗಳು ಒತ್ತಿ ಕೂರುವ ತಿರುಗುವ ತಾಮ್ರದ ಉರುಳೆಯಾದ ಕಮ್ಯುಟೇಟರಿನ ಮೇಲೆ ಕಿಡಿ ಏಳುತ್ತದೆ, ಮೋಟರ್ ಕಾಯುತ್ತದೆ. ನಾನು ಪಟ್ಟು ಬಿಡಲಿಲ್ಲ. ಅವರು ನಾಲ್ಕು ಹಂತಗಳಲ್ಲಿ ಇಳಿಸಲು ಒಪ್ಪಿದರು. ಪ್ರತಿ ಹಂತಕ್ಕೂ ಅದೇ ರಸ್ತೆ, ಅದೇ ಇಬ್ಬರು, ಓಟದ ಕೊನೆಯಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮೋಟರಿನ ಮೈಯ ಬಿಸಿ ಅಳೆಯುವುದು ಎಂಬ ಕರಾರಿನ ಮೇಲೆ. ಮೊದಲ ಹಂತದಲ್ಲಿ 68 ಕಿಲೋಮೀಟರ್, 71 ಡಿಗ್ರಿ. ಎರಡನೆಯದರಲ್ಲಿ 70 ಕಿಲೋಮೀಟರ್, 76 ಡಿಗ್ರಿ. ಮೂರನೆಯದರಲ್ಲಿ 72, 84. ನಾಲ್ಕನೆಯದರಲ್ಲಿ 74 ಮುಟ್ಟಿತು, ಥರ್ಮಾಮೀಟರ್ 97 ಎಂದಿತು. ಬ್ರಶ್ ಮುಚ್ಚಳ ತೆರೆದರೆ ಒಳಗೆ ಹೊಸದಾಗಿ ಉದುರಿದ ಕಪ್ಪು ಪುಡಿ, ಕಮ್ಯುಟೇಟರಿನ ಮೇಲೆ ಕಾಫಿಬಣ್ಣದ ಹೊಳಪಿನ ಜಾಗದಲ್ಲಿ ಅಲ್ಲಲ್ಲಿ ಮಸಿಗೆರೆ. ಎರಡು ಕಿಲೋಮೀಟರ್ ವೇಗದ ಕೊನೆಯ ಮೆಟ್ಟಿಲಿಗೆ 13 ಡಿಗ್ರಿ ಬಿಸಿ ತೆತ್ತಿದ್ದೆವು.

ಬ್ರೇಕಿನ ಲೆಕ್ಕವನ್ನು ಅಂದು ಸಂಜೆ ಕೂತು ಮಾಡಿದೆ. ನಿಲ್ಲಿಸುವಾಗ ಬ್ರೇಕು ಕರಗಿಸಬೇಕಾದ ಶಕ್ತಿ ತೂಕದ ಜೊತೆ ನೇರವಾಗಿಯೂ ವೇಗದ ಜೊತೆ ವರ್ಗವಾಗಿಯೂ ಏರುತ್ತದೆ. ವೇಬ್ರಿಡ್ಜ್‌ನಲ್ಲಿ ನಾವಿಬ್ಬರೂ ಕುಳಿತಂತೆ ಕಾರು ಹಿಂದೆ 880 ಕಿಲೋ ಇತ್ತು, ಈಗ 710. 74ರ ವೇಗದಲ್ಲಿ, ಹಗುರಾದ ಲಾಭವನ್ನೆಲ್ಲ ಕಳೆದ ಮೇಲೂ, ಬ್ರೇಕಿನ ಹೊರೆ ಹಳೆಯ ಭಾರದ ಕಾರು 65ರಲ್ಲಿ ಹೊರಿಸುತ್ತಿದ್ದುದಕ್ಕಿಂತ ಶೇಕಡ 5ರಷ್ಟು ಹೆಚ್ಚು. 70ರಲ್ಲಾದರೆ ಶೇಕಡ 6ರಷ್ಟು ಕಡಿಮೆ. ಗಾಳಿಯ ಪ್ರತಿರೋಧವೂ ಸುಮ್ಮನಿರುವುದಿಲ್ಲ. ಅದನ್ನು ಸೀಳಲು ಪ್ರತಿ ಸೆಕೆಂಡಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, 60ರಿಂದ 75ಕ್ಕೆ ಹೋದರೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇದಕ್ಕಿಂತ ನನ್ನನ್ನು ಹಿಂಜರಿಯುವಂತೆ ಮಾಡಿದ್ದು ಚೌಕಟ್ಟಿನ ವಿಚಾರ. ಯುರೋಪಿನಲ್ಲಿ ಈ ವಾಹನ ಕಾರುಗಳ ವರ್ಗದಲ್ಲಿರಲಿಲ್ಲ. ಅದನ್ನು ಕ್ವಾಡ್ರಿಸೈಕಲ್ ಎಂದು ಪರಿಗಣಿಸಿದ್ದರಿಂದ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಸೀಟಿನ ಮುಂದೆ ಒಂದು ಮೊಳದಾಚೆ ಬಂಪರ್ ಇರುವ ವಾಹನದಲ್ಲಿ, ಎಪ್ಪತ್ತೊಂಬತ್ತು ವರ್ಷದ ಅಪ್ಪನನ್ನು ಕೂರಿಸಿಕೊಂಡು ಊರಾಚೆಯ ನೈಸ್ ಟೋಲ್ ರಸ್ತೆಗೆ ಹೋಗುವ ಯೋಚನೆಯನ್ನು ಅಂದೇ ಕೈಬಿಟ್ಟೆ. ಮರುದಿನ ಎರಡನೆಯ ಹಂತಕ್ಕೆ, 70ಕ್ಕೆ, ಹಿಂದಿರುಗಿದೆವು. ಬ್ರೇಕ್ ಶೂಗಳನ್ನೂ ಬ್ರೇಕ್ ಆಯಿಲನ್ನೂ ಹೊಸದು ಮಾಡಿ, ಟೈರುಗಳನ್ನು ಬದಲಿಸಿದೆವು. ದೊಡ್ಡ ಸುತ್ತಳತೆಯ ಟೈರ್ ಹಾಕಿ ಇನ್ನೆರಡು ಕಿಲೋಮೀಟರ್ ಗಿಟ್ಟಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಆ ಟೈರು ಏರಿನಲ್ಲಿ ಎಳೆತವನ್ನೂ ಸ್ಪೀಡೋಮೀಟರಿನ ನಿಜವನ್ನೂ ಒಟ್ಟಿಗೆ ಕದಿಯುತ್ತದೆ. ಮೂಲ ಅಳತೆಯನ್ನೇ ಉಳಿಸಿಕೊಂಡೆ.

ಕೆಲಸವೆಲ್ಲ ಮುಗಿಯಿತೆಂದುಕೊಂಡ ಮೇಲೆ ಒಂದು ಪಾಠ ಬಾಕಿಯಿತ್ತು. ನಮ್ಮ ಮನೆ ಇರುವುದು ಹನುಮಂತನಗರದ ದಿಬ್ಬದ ಮೇಲೆ. ರಾತ್ರಿಯೆಲ್ಲ ಚಾರ್ಜಾಗಿ ತುಂಬಿದ ಕಾರನ್ನು ಬೆಳಗ್ಗೆ ತೆಗೆದರೆ ಮೊದಲು ಸಿಗುವುದೇ ಇಳಿಜಾರು. ಈ ಕಾರು ಪೆಡಲ್ ಬಿಟ್ಟಾಗ ಮೋಟರನ್ನೇ ಜನರೇಟರ್ ಮಾಡಿ ಬ್ಯಾಟರಿಗೆ ಕರೆಂಟ್ ಮರಳಿಸುತ್ತದೆ. ಲೆಡ್ ಬ್ಯಾಟರಿ ಆ ಹೆಚ್ಚುವರಿಯನ್ನು ನೀರನ್ನು ಒಡೆದು ಗ್ಯಾಸಾಗಿ ಬಿಟ್ಟು ಅರಗಿಸಿಕೊಳ್ಳುತ್ತಿತ್ತು. ಲಿಥಿಯಂ ಸೆಲ್ಲಿಗೆ ಅಂಥ ಬಾಗಿಲಿಲ್ಲ. ಒಂದು ಬೆಳಗ್ಗೆ ಇಳಿಜಾರಿನ ನಡುವೆ ಯಾವುದೋ ಒಂದು ಸೆಲ್ 3.7 ದಾಟಿದ್ದರಿಂದ ಸೆಲ್ಲುಗಳ ಕಾವಲಿಗಿದ್ದ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬ್ಯಾಟರಿಯ ಮುಖ್ಯ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಕಡಿದುಹಾಕಿತು. 'ಠಕ್' ಎಂದ ಸದ್ದಿನೊಡನೆ ಡ್ಯಾಶ್‌ಬೋರ್ಡ್ ಕಪ್ಪಾಯಿತು. ಬ್ರೇಕ್ ಪೆಡಲ್ ಎಂದಿನಂತೆ ಹಿಡಿದದ್ದರಿಂದ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಓಡುವಾಗ ಹೀಗೆ ಬ್ಯಾಟರಿ ಕಳಚಿಕೊಂಡರೆ ಮೋಟರಿನಿಂದ ಬರುತ್ತಿರುವ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ನೆಗೆದು ಕಂಟ್ರೋಲರ್ ಸುಡಬಹುದಿತ್ತು. ಅದೃಷ್ಟಕ್ಕೆ ಸುಡಲಿಲ್ಲ. ಈಗ ಚಾರ್ಜರನ್ನು ಸೆಲ್ಲಿಗೆ 3.45ರಂತೆ 55.2 ವೋಲ್ಟಿಗೇ ನಿಲ್ಲಿಸುತ್ತೇನೆ. ಮರಳಿಸುವ ಕರೆಂಟನ್ನು ಪ್ರೋಗ್ರಾಮರಿನಲ್ಲಿ ತಗ್ಗಿಸಿದ್ದೇವೆ. ಬಿಎಂಎಸ್ ಮೊದಲು ಬಝರ್ ಒತ್ತಿ, ಕೆಲವು ಸೆಕೆಂಡ್ ಕಾದು, ಆಮೇಲೆ ಕಡಿಯುವಂತೆ ವೈರಿಂಗ್ ಬದಲಿಸಿದ್ದೇವೆ. ಬಝರ್ ಹಾಕಿದ್ದರ ಬಗ್ಗೆ ಮಾತ್ರ ಅಮ್ಮನಿಗೆ ಸಮಾಧಾನವಾಯಿತು.

ಕಾಗದಪತ್ರಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ನಾನು ಮೋಟರ್, ಚೌಕಟ್ಟು, ಟೈರಿನ ಅಳತೆ, ಆಸನಗಳು ಯಾವುದನ್ನೂ ಮುಟ್ಟದೆ ಉಳಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. ಬ್ಯಾಟರಿ ಬದಲಾವಣೆ ಮತ್ತು ತೂಕದ ವಿವರವನ್ನು ಬರಹದಲ್ಲಿಯೇ ಸಾರಿಗೆ ಕಚೇರಿಗೂ ವಿಮೆಯವರಿಗೂ ತಿಳಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇನೆ.

ಖರ್ಚು ಒಟ್ಟು ಎರಡು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು ಬಂತು. ಲೆಡ್ ಬ್ಯಾಟರಿಯ ಹೊಸ ಸೆಟ್ಟಿಗೆ ಇದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತಿತ್ತು, ಆದರೆ ನಮ್ಮ ಮನೆಯ ಲೆಕ್ಕದಲ್ಲಿ ಒಂದು ಸೆಟ್ಟು ನಾಲ್ಕು ವರ್ಷ ಬಾಳಿದ್ದೇ ಅಪರೂಪ. ಹಳೆಯ ಬ್ಯಾಟರಿಯ ಕೊನೆಗಾಲದಲ್ಲಿ 35 ಕಿಲೋಮೀಟರ್ ಓಡಿ ಮುಗ್ಗರಿಸುತ್ತಿದ್ದ ಕಾರು ಈಗ ಊರೊಳಗಿನ ಸಾಧಾರಣ ಓಟದಲ್ಲಿ 85ರಿಂದ 90 ಕೊಡುತ್ತದೆ. ಪೆಡಲ್ ಒತ್ತಿಯೇ ಓಡಿಸಿದರೆ 65. ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು: ಇಷ್ಟು ಪಾಡುಪಟ್ಟು ಗಳಿಸಿದ ಆ 70ರ ವೇಗವನ್ನು ನಾನು ತಿಂಗಳಿಗೆ ಎರಡು ಸಲವೂ ಮುಟ್ಟುವುದಿಲ್ಲ. ದಿನನಿತ್ಯ ಉಪಯೋಗಕ್ಕೆ ಬರುತ್ತಿರುವುದು ಏರಿನಲ್ಲಿ ಸಿಗುವ 55. ಬಸ್ಸಿನ ಹಾರನ್ ಈಗ ಕೇಳಿಸುವುದಿಲ್ಲ. ಅಪ್ಪ ಮಾತ್ರ ಭಾನುವಾರಗಳಲ್ಲಿ ಅಭ್ಯಾಸಬಲದಿಂದ, "ನೀರು ಹಾಕಿದೆಯಾ?" ಎಂದು ಕೇಳಿ, ಆಮೇಲೆ ತಾವೇ ನೆನಪಿಸಿಕೊಂಡು, ನೀಲಿ ಪುಸ್ತಕದಲ್ಲಿ ಹದಿನಾರು ಸೆಲ್ಲುಗಳ ವೋಲ್ಟೇಜ್ ಬರೆದುಕೊಳ್ಳುತ್ತಾರೆ. ಹತ್ತನೆಯ ಸೆಲ್ ಉಳಿದವಕ್ಕಿಂತ ಒಂದು ಕೂದಲೆಳೆ ಹಿಂದಿದೆಯೆಂದು ಮೊದಲು ಗುರುತಿಸಿದವರೂ ಅವರೇ.

ಕಳೆದ ತಿಂಗಳು 7,000 ಕಿಲೋಮೀಟರ್ ಮುಗಿದದ್ದರಿಂದ ಕಾರನ್ನು ಕಾಮಾಕ್ಷಿಪಾಳ್ಯಕ್ಕೆ ಒಯ್ದಿದ್ದೆ. ಮೆಕ್ಯಾನಿಕ್ ಮೋಟರಿನ ಮುಚ್ಚಳ ತೆರೆದು, ಬ್ರಶ್ಶುಗಳನ್ನು ಒಂದೊಂದಾಗಿ ಹೊರಗೆಳೆದು ವರ್ನಿಯರಿನಲ್ಲಿ ಅಳೆದರು. ಎರಡು ಮಿಲಿಮೀಟರ್ ಮಾತ್ರ ಸವೆದಿತ್ತು, ಕಮ್ಯುಟೇಟರ್ ಮತ್ತೆ ಕಾಫಿಬಣ್ಣಕ್ಕೆ ತಿರುಗಿತ್ತು. ಅದನ್ನು ಕಂಡು ಧೈರ್ಯ ಬಂದು, ಮೂರನೆಯ ಹಂತಕ್ಕೆ, ಅಂದರೆ 72ಕ್ಕೆ ಏರಿಸಿ ನೋಡಬಹುದೇ ಎಂದು ಕೇಳಿದೆ. ಅವರು ಉತ್ತರ ಕೊಡದೆ ಬೆಂಚಿನ ಮೇಲಿದ್ದ ಪ್ರೋಗ್ರಾಮರನ್ನು ತೆಗೆದು, ವೈರನ್ನು ಸುತ್ತಿ, ಚೀಲದೊಳಗಿಟ್ಟು ಜಿಪ್ ಎಳೆದರು.